ವೆರೋನಾದ ಸಂಧಾನಕಾರರು

ಶೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕವನ್ನು ನಾವು ಸಾಮಾನ್ಯವಾಗಿ ಪ್ರೇಮಕಥೆಯೆಂದೇ ಬಲ್ಲೆವು. ಆದರೆ ಅದನ್ನು ಎರಡು ಮನೆತನಗಳ ಹಗೆಯ ಕಥೆಯೆಂದು ಓದಿದಾಗ ಆಶ್ಚರ್ಯಕರವಾದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ಮುಂಗೋಪಿಗಳಿಗಿಂತ ಶಾಂತಿಯನ್ನು ಬಯಸುವವರೇ ಹೆಚ್ಚು. ನಗರದ ದೊರೆ ಎಸ್ಕಲಸನಿಗೆ ಶಾಂತಿ ಬೇಕು, ಫ್ರಾನ್ಸಿಸ್ಕನ್ ಸನ್ಯಾಸಿ ಲಾರೆನ್ಸರಿಗೆ ಬೇಕು, ಬೆನ್ವೋಲಿಯೊಗೆ ಬೇಕು, ಕೊನೆಗೆ ರೋಮಿಯೊಗೂ ಬೇಕು. ಆದರೂ ಭಾನುವಾರ ಮುಂಜಾನೆ ಆರಂಭವಾದ ಕಥೆ ಅದೇ ವಾರ ಮುಗಿಯುವಷ್ಟರಲ್ಲಿ ಆರು ಜೀವಗಳು ನಂದಿಹೋಗಿರುತ್ತವೆ. ಇದು ಹೇಗೆ ಸಂಭವಿಸಿತು?

ಎಲ್ಲ ದೋಷವನ್ನೂ ಟಿಬಾಲ್ಟನ ತಲೆಗೆ ಕಟ್ಟುವುದು ವಾಡಿಕೆ. ಜೂಲಿಯೆಟಳ ತಾಯಿಯ ಸಹೋದರನ ಮಗನಾದ ಈ ಯುವಕ ಶಾಂತಿಯೆಂಬ ಶಬ್ದವನ್ನೇ ದ್ವೇಷಿಸುವವನು. ಆದರೆ ಮೊದಲ ದಿನದ ಬೀದಿಜಗಳವನ್ನು ಹಚ್ಚಿದವನು ಅವನಲ್ಲ. ಕ್ಯಾಪುಲೆಟ್ ಮನೆಯ ಇಬ್ಬರು ಆಳುಗಳು ಹರಟುತ್ತ ಬಂದು, ಮಾಂಟೆಗ್ಯೂ ಮನೆಯ ಆಳುಗಳನ್ನು ಕಂಡು ಹೆಬ್ಬೆರಳು ಕಚ್ಚಿ ಅಣಕಿಸಿದ್ದೇ ಮೂಲ. ತಮ್ಮ ಧಣಿಯ ಬಂಧು ಬರುತ್ತಿರುವುದನ್ನು ಕಂಡ ಮೇಲೆಯೇ ಅವರಿಗೆ ಪೂರ್ಣ ಧೈರ್ಯ ಬರುತ್ತದೆ ಎಂಬುದನ್ನು ಗಮನಿಸಬೇಕು. ಹಗೆಯ ಆದಿಕಾರಣವನ್ನು ನಾಟಕ ಎಲ್ಲಿಯೂ ತಿಳಿಸುವುದಿಲ್ಲ. ಪ್ರಾಯಶಃ ಆ ಮನೆಗಳ ಹಿರಿಯರಿಗೂ ಅದು ಮರೆತುಹೋಗಿತ್ತು. ಕಾರಣ ಮರೆತರೂ ಅಣಕ ಮಾತ್ರ ಆಳುಮಕ್ಕಳವರೆಗೆ ಇಳಿದು ಬಂದಿತ್ತು.

ಆ ಜಗಳವನ್ನು ಬಿಡಿಸಲು ಓಡಿ ಬಂದವನು ಮಾಂಟೆಗ್ಯೂವಿನ ಸೋದರನ ಮಗ ಬೆನ್ವೋಲಿಯೊ. ಅವನ ಹೆಸರಿನಲ್ಲಿಯೇ ಸದ್ಭಾವನೆಯೆಂಬ ಅರ್ಥವಿದೆ. ಆದರೆ ಬಿಡಿಸುವುದಕ್ಕೂ ಅವನು ಖಡ್ಗವನ್ನೇ ಹಿರಿಯಬೇಕಾಯಿತು! ಹಿರಿದ ಖಡ್ಗವನ್ನು ಕಂಡ ಟಿಬಾಲ್ಟನಿಗೆ ಅದು ಸಂಧಾನದ್ದೆಂದು ನಂಬಲು ಸಾಧ್ಯವಾಗಲಿಲ್ಲ. ಈ ಒಂದು ವಿಷಯದಲ್ಲಿ ಟಿಬಾಲ್ಟನ ಮೇಲೆ ನಮಗೆ ತುಸು ಕನಿಕರವಿದೆ.

ಅಂದು ರಾತ್ರಿಯ ಔತಣದಲ್ಲಿ ವೃದ್ಧ ಕ್ಯಾಪುಲೆಟನೇ ಶಾಂತಿದೂತನಾಗುತ್ತಾನೆ. ಮುಖವಾಡ ಧರಿಸಿ ಬಂದ ರೋಮಿಯೊನನ್ನು ಟಿಬಾಲ್ಟ್ ಧ್ವನಿಯಿಂದಲೇ ಗುರುತಿಸಿ ಕೆರಳಿದಾಗ, ಆ ಹುಡುಗ ಸದ್ಗುಣಿಯೆಂದು ಊರೇ ಹೊಗಳುತ್ತದೆ, ಸುಮ್ಮನಿರು ಎಂದು ಗದರಿಸುವವನು ಅವನೇ. ಎಂಥ ಸದವಕಾಶವದು! ಶತ್ರುವಿನ ಏಕಮಾತ್ರ ಪುತ್ರ ತನ್ನ ಸೂರಿನಡಿ ನಿಂತಿದ್ದಾನೆ. ತಾನೇ ಅವನನ್ನು ಮೆಚ್ಚಿದ್ದಾನೆ. ಕೈಹಿಡಿದು ಊಟಕ್ಕೆ ಕುಳ್ಳಿರಿಸಿದ್ದರೆ ಅಂದೇ ಹಗೆ ಅರ್ಧ ಕರಗುತ್ತಿತ್ತು. ಆದರೆ ಅವನಿಗೆ ಬೇಕಾಗಿದ್ದುದು ಔತಣ ಕೆಡದಿರುವುದಷ್ಟೇ. ಅತಿಥಿಗಳ ಮುಂದೆ ಅವಮಾನಿತನಾದ ಟಿಬಾಲ್ಟ್ ತನ್ನ ಕೋಪವನ್ನು ಮರುದಿನಕ್ಕೆ ಕಟ್ಟಿಟ್ಟುಕೊಂಡು ಹೊರಟುಹೋದ. ನಮ್ಮ ಅಭಿಪ್ರಾಯದಲ್ಲಿ ಮರುದಿನದ ರಕ್ತಪಾತದ ಹೊಣೆಯಲ್ಲಿ ಈ ಯಜಮಾನನಿಗೂ ಪಾಲಿದೆ.

ಇನ್ನು ಸನ್ಯಾಸಿ ಲಾರೆನ್ಸರ ವಿಚಾರ. ಕವಿಗೆ ಆಧಾರವಾದ ಆರ್ಥರ್ ಬ್ರೂಕನ 1562ರ ಕಾವ್ಯದ ಮುನ್ನುಡಿಯಲ್ಲಿ ಇಂಥ ಸನ್ಯಾಸಿಗಳ ಕುರಿತು ಕಟುವಾದ ನಿಂದೆಯಿದೆ. ಶೇಕ್ಸ್‌ಪಿಯರ್ ಆ ನಿಂದೆಯನ್ನು ಕೈಬಿಟ್ಟು, ಗಿಡಮೂಲಿಕೆಗಳನ್ನು ಬಲ್ಲ, ಮೃದುಹೃದಯದ ಗುರುಗಳನ್ನು ಚಿತ್ರಿಸಿರುವುದು ನಮಗೆ ಸಂತೋಷದ ಸಂಗತಿ. ಈ ವಿವಾಹದಿಂದ ಎರಡು ಮನೆಗಳ ವೈರ ಪ್ರೀತಿಯಾಗಿ ಮಾರ್ಪಡಲಿ ಎಂಬುದೇ ಅವರ ಆಶಯ. ಆಶಯದಲ್ಲಿ ಕುಂದಿಲ್ಲ. ಆದರೆ ಅವರು ವಿವಾಹವನ್ನು ಗುಟ್ಟಾಗಿ ನೆರವೇರಿಸಿದರು.

ಇಲ್ಲಿ ನಮ್ಮ ಧರ್ಮಸಭೆಯ ಚರಿತ್ರೆಯನ್ನು ನೆನೆಯುವುದು ಉಚಿತ. ಬ್ರೂಕನ ಕಾವ್ಯ ಅಚ್ಚಾದ ಮರುವರ್ಷವೇ, ಅಂದರೆ 1563ರಲ್ಲಿ, ಟ್ರೆಂಟ್ ಮಹಾಸಭೆಯು ‘ತಮೆತ್ಸಿ’ ಎಂಬ ಶಾಸನವನ್ನು ಹೊರಡಿಸಿತು. ಅದು ಪ್ರಕಟವಾದ ಕಡೆಗಳಲ್ಲಿ ಧರ್ಮಕೇಂದ್ರದ ಗುರುಗಳ ಅಥವಾ ಅವರ ಅನುಮತಿ ಪಡೆದ ಗುರುಗಳ ಎದುರು, ಕನಿಷ್ಠ ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ನಡೆಯದ ವಿವಾಹ ಸಿಂಧುವಲ್ಲವೆಂದಾಯಿತು. ಅದಕ್ಕೆ ಮುಂಚೆ ಗುಪ್ತ ವಿವಾಹ ನಿಷಿದ್ಧವಾಗಿದ್ದರೂ ಅಸಿಂಧುವಾಗಿರಲಿಲ್ಲ. ತಂದೆತಾಯಿಯರ ಒಪ್ಪಿಗೆ ಇಲ್ಲವೆಂಬ ಮಾತ್ರಕ್ಕೆ ಮಕ್ಕಳ ವಿವಾಹ ಅಸಿಂಧುವಾಗದೆಂದೂ ಅದೇ ಶಾಸನ ಸಾರಿತು. ಪೋಷಕರಾದ ನಮ್ಮಲ್ಲಿ ಅನೇಕರು ಈ ಎರಡನೆಯ ಮಾತನ್ನು ಅನುಕೂಲಕ್ಕಾಗಿ ಮರೆಯುವುದುಂಟು. ಹದಿನಾಲ್ಕು ತುಂಬದ ಮಗಳನ್ನು ಪ್ಯಾರಿಸನಿಗೆ ಕೊಡಲು ಹಟ ಹಿಡಿದು, ಒಪ್ಪದಿದ್ದರೆ ಬೀದಿಗೆ ತಳ್ಳುವೆನೆಂದು ಗರ್ಜಿಸಿದ ಕ್ಯಾಪುಲೆಟನೂ ಅಂಥವನೇ.

ಸಾಕ್ಷಿಗಳ ಅಗತ್ಯ ಕೇವಲ ಕಾನೂನಿನ ಮಾತಲ್ಲ. ಸೋಮವಾರದ ಆ ವಿವಾಹಕ್ಕೆ ಬೆನ್ವೋಲಿಯೊ ಸಾಕ್ಷಿಯಾಗಿ ನಿಂತಿದ್ದನೆಂದು ಊಹಿಸೋಣ. ವಿವಾಹವಾದ ಸ್ವಲ್ಪ ಹೊತ್ತಿನಲ್ಲಿಯೇ ಟಿಬಾಲ್ಟ್ ಬೀದಿಯಲ್ಲಿ ರೋಮಿಯೊನನ್ನು ಕೆಣಕುತ್ತಾನೆ. ತನ್ನ ಹೆಂಡತಿಯ ಬಂಧುವೆಂದು ರೋಮಿಯೊ ಪ್ರೀತಿಯಿಂದಲೇ ಉತ್ತರಿಸುತ್ತಾನೆ. ಆದರೆ ಆ ಪ್ರೀತಿಯ ಕಾರಣ ಅಲ್ಲಿದ್ದ ಒಬ್ಬರಿಗೂ ತಿಳಿಯದು. ಗೆಳೆಯ ಮರ್ಕ್ಯೂಶಿಯೊಗೆ ಅದು ಹೇಡಿತನವಾಗಿ ತೋರಿ, ಅವನೇ ಮೊದಲು ಕತ್ತಿ ಹಿರಿಯುತ್ತಾನೆ. ರೋಮಿಯೊ ಬಿಡಿಸಲು ನಡುವೆ ನುಗ್ಗಿದಾಗ ಅವನ ತೋಳಿನಡಿಯಿಂದಲೇ ಟಿಬಾಲ್ಟನ ಕತ್ತಿ ಗೆಳೆಯನನ್ನು ಇರಿಯುತ್ತದೆ. ಬಿಸಿಲು ಹೆಚ್ಚಿದೆ, ಮನೆಗೆ ಹೋಗೋಣ ಎಂದು ಮೊದಲೇ ಬೇಡಿಕೊಂಡಿದ್ದ ಬೆನ್ವೋಲಿಯೊಗೆ, ಇವನು ಇಂದಿನಿಂದ ನಿನ್ನ ನೆಂಟ ಎಂದು ಟಿಬಾಲ್ಟನ ಕಿವಿಯಲ್ಲಿ ಹೇಳಬಲ್ಲ ಒಂದು ಮಾತು ತಿಳಿದಿದ್ದರೆ!

ಅನಂತರ ರೋಮಿಯೊ ಸೇಡು ತೀರಿಸಿಕೊಂಡು ಟಿಬಾಲ್ಟನನ್ನು ಕೊಂದ. ದೊರೆಯ ಮುಂದೆ ನಡೆದುದನ್ನು ವಿವರಿಸುವ ಹೊಣೆ ಬೆನ್ವೋಲಿಯೊನ ಪಾಲಿಗೆ ಬಂತು. ಅವನ ಸಾಕ್ಷ್ಯವನ್ನು ಎಚ್ಚರಿಕೆಯಿಂದ ಓದಬೇಕು. ಮರ್ಕ್ಯೂಶಿಯೊ ಕೆಣಕಿದ್ದನ್ನೂ ಮೊದಲು ಕತ್ತಿ ಹಿರಿದದ್ದನ್ನೂ ಅವನು ಹೇಳುವುದಿಲ್ಲ. ಟಿಬಾಲ್ಟನೇ ಮೇಲೆರಗಿದಂತೆ ತೋರಿಸುತ್ತಾನೆ. ಇವನು ಮಾಂಟೆಗ್ಯೂಗಳ ಬಂಧು, ಪಕ್ಷಪಾತದಿಂದ ಸುಳ್ಳಾಡುತ್ತಾನೆ ಎಂದು ಜೂಲಿಯೆಟಳ ತಾಯಿ ಚೀರುವುದು ಪೂರ್ಣ ನಿರಾಧಾರವಲ್ಲ. ಇಪ್ಪತ್ತು ಮಂದಿ ಸೇರಿ ಒಬ್ಬನನ್ನು ಕೊಂದರೆಂಬ ಅವಳ ಮಾತು ಮಾತ್ರ ಶುದ್ಧ ಕಲ್ಪನೆ. ಇಂಥ ಸಾಕ್ಷ್ಯಗಳ ನಡುವೆ ನ್ಯಾಯ ಹೇಳುವ ದೊರೆಯೂ ನಿಷ್ಪಕ್ಷಪಾತಿಯಲ್ಲ, ಸತ್ತ ಮರ್ಕ್ಯೂಶಿಯೊ ಅವನದೇ ರಕ್ತಸಂಬಂಧಿ. ಬೀದಿಯಲ್ಲಿ ಮತ್ತೆ ಕಾದಾಡಿದರೆ ಮರಣದಂಡನೆಯೆಂದು ಹಿಂದಿನ ದಿನ ಗುಡುಗಿದವನು ಈಗ ಗಡೀಪಾರಿಗೆ ಇಳಿಯುತ್ತಾನೆ.

ಇದಾದ ಮೇಲೆ ಬೆನ್ವೋಲಿಯೊ ರಂಗದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. 1597ರ ಮೊದಲ ಮುದ್ರಣದಲ್ಲಿ ಮಾತ್ರ, ಅವನೂ ತೀರಿಕೊಂಡನೆಂದು ಮಾಂಟೆಗ್ಯೂ ಕೊನೆಗೆ ಹೇಳುವ ಮಾತೊಂದಿದೆ. 1599ರ ಮುದ್ರಣದಲ್ಲಿ ಅದೂ ಇಲ್ಲ.

ಸಮಾಧಿಯ ಬಳಿ ಎಲ್ಲರೂ ಸೇರಿದಾಗ ಏನನ್ನೂ ಮುಚ್ಚಿಡದೆ ಮಾತನಾಡುವವರು ಲಾರೆನ್ಸರೊಬ್ಬರೇ. ವಿವಾಹ, ನಿದ್ರೌಷಧಿ, ಪಿಡುಗಿನ ಶಂಕೆಯಿಂದ ಸಹಸನ್ಯಾಸಿ ಜಾನ್ ಮನೆಯೊಂದರಲ್ಲಿ ಬಂಧಿಯಾಗಿ ತಲುಪದೆ ಹೋದ ಪತ್ರ, ಹೀಗೆ ಎಲ್ಲವನ್ನೂ ಹೇಳಿ, ತಪ್ಪು ತಮ್ಮದಾದರೆ ಈ ಮುದಿಜೀವವನ್ನು ಕಾನೂನಿಗೆ ಅರ್ಪಿಸಿರೆಂದು ತಲೆಬಾಗುತ್ತಾರೆ. ಇಬ್ಬರು ಬಂಧುಗಳನ್ನು ಕಳೆದುಕೊಂಡ ದೊರೆ, ನಿಮ್ಮ ಕಲಹವನ್ನು ಕಂಡೂ ಕಾಣದಂತಿದ್ದುದಕ್ಕೆ ನನಗೂ ದಂಡನೆಯಾಯಿತು ಎನ್ನುತ್ತಾನೆ. ಆಗ ಕ್ಯಾಪುಲೆಟ್ ತಾನಾಗಿ ಕೈ ಚಾಚುತ್ತಾನೆ. ಮಾಂಟೆಗ್ಯೂ ಜೂಲಿಯೆಟಳಿಗೆ ಚಿನ್ನದ ಪ್ರತಿಮೆ ನಿಲ್ಲಿಸುವೆನೆಂದರೆ, ಅಷ್ಟೇ ವೈಭವದ ಪ್ರತಿಮೆಯನ್ನು ರೋಮಿಯೊಗೆ ನಾನೂ ನಿಲ್ಲಿಸುವೆನೆಂದು ಕ್ಯಾಪುಲೆಟ್ ಮಾತು ಕೊಡುತ್ತಾನೆ.