ತಾತನ ಬಾಕಿ ಲೆಕ್ಕ

ಕಳೆದ ತಿಂಗಳು ತಿಪಟೂರಿನ ಹಳೆಯ ಮನೆಯಲ್ಲಿ ನಮ್ಮ ತಾತನ ವರ್ಷದ ಎಡೆ. ಊಟ ಮುಗಿಸಿ ಎಲ್ಲರೂ ಜಗಲಿಯ ಮೇಲೆ ಚಾಪೆ ಹಾಸಿ ಕುಳಿತೆವು. ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಮಾತು ತಾತನ ಕಡೆಗೇ ತಿರುಗಿತು.

ತಾತ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರು ಕೆಲಸಕ್ಕೆ ಸೇರಿದಾಗ ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ರೂಪಾಯಿಗೆ 100 ಪೈಸೆಯಾಯಿತು. 'ನಾಲ್ಕಾಣೆಗೆ 25 ಪೈಸೆ, ಸರಿ. ಒಂದಾಣೆಗೆ ಆರೂಕಾಲು ಪೈಸೆ! ಆ ಕಾಲು ಪೈಸೆ ಎಲ್ಲಿಂದ ತರೋಣ?' ಎಂದು ತಾತ ನಗುತ್ತಿದ್ದರಂತೆ. ಆ ಕಾಲು ಪೈಸೆಯ ದೆಸೆಯಿಂದ ತಾವೆಲ್ಲ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಉರುಹೊಡೆಯಬೇಕಾಯಿತು ಎಂದರು ಚಿಕ್ಕಪ್ಪ.

ನನಗೆ ನೆನಪಾದದ್ದು ಅಟ್ಟ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದರೇ ಉಂಡೆ ಕೊಬ್ಬರಿ. ತಾತ ಒಂದು ಕಾಯನ್ನು ನನ್ನ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಕಡಿಮೆ ಅಂಕ ಬಂದ ದಿನ, ಬೈಯಲು ಎದ್ದ ಅಪ್ಪನನ್ನು ತಡೆದು, 'ಇದಿನ್ನೂ ಹಸಿ ಕಾಯಿ ಕಣಯ್ಯ. ಅಟ್ಟದ ಮೇಲೇ ಇರಲಿ, ಅವಸರಪಟ್ಟು ಒಡೀಬೇಡ' ಎಂದಿದ್ದರು.

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. 'ನನ್ನ ಮಾತ್ರ ಅಪ್ಪ ಅಟ್ಟದಿಂದ ಬೇಗ ಇಳಿಸಿಬಿಟ್ಟರು' ಎಂದರು.

ತರಗತಿಗೇ ಮೊದಲಿಗರಾಗಿದ್ದ ಅತ್ತೆಯನ್ನು, ಹೆಣ್ಣುಮಗುವಿಗೆ ಇಷ್ಟು ಸಾಕೆಂದು ಏಳನೇ ಕ್ಲಾಸಿಗೇ ತಾತ ಶಾಲೆ ಬಿಡಿಸಿದ್ದರು. ಮೊಮ್ಮಕ್ಕಳಾದ ನಮಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅತ್ತೆಯೇ ಮುಂದುವರಿಸಿದರು. ಅವರ ಮಗಳು ಕಾಲೇಜಿಗೆ ಸೇರುವಾಗ ತಾತ ತಾವಾಗಿಯೇ ಬಂದು ಫೀಸು ಕಟ್ಟಿದರಂತೆ. ರಸೀದಿಯನ್ನು ಮೊಮ್ಮಗಳಿಗೆ ಕೊಡದೆ ಮಗಳ ಕೈಯಲ್ಲಿಟ್ಟು, 'ಇದು ನಿನ್ನ ಬಾಕಿ ಕಣಮ್ಮ. ಬಡ್ಡಿ ತೀರಿಸೋಕೆ ನನ್ನ ಕೈಲಾಗಲ್ಲ' ಎಂದರಂತೆ. 'ಆ ರಸೀದಿ ಇನ್ನೂ ನನ್ನ ಟ್ರಂಕಿನಲ್ಲಿದೆ' ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಂಟನೇ ಕ್ಲಾಸಿನ ನನ್ನ ಮಗಳು ಅವರ ಪಕ್ಕಕ್ಕೆ ಸರಿದು, 'ಅಜ್ಜಿ, ನಿಮಗೆ ಆ ಮುಕ್ಕಾಲಿನ ಮಗ್ಗಿ ಈಗಲೂ ಬರುತ್ತಾ?' ಎಂದಳು. ಅತ್ತೆ ಶುರುಮಾಡಿದರು. ಎಲ್ಲಿಯೂ ತಡವರಿಸದೆ ಕೊನೆಯವರೆಗೂ ಒಪ್ಪಿಸಿದರು.

ಮಕ್ಕಳೇ, ನಿಮ್ಮ ಮನೆಯಲ್ಲಿ ತಾತನೋ ಅಜ್ಜಿಯೋ ಇದ್ದರೆ ಅವರು ಎಷ್ಟು ಓದಿದರು, ಯಾಕೆ ಬಿಟ್ಟರು ಎಂದು ಒಮ್ಮೆ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಂದೆ ತಾಯಂದಿರೇ, ಹಿರಿಯರ ತಪ್ಪುಗಳನ್ನೂ ಮಕ್ಕಳಿಗೆ ಹೇಳಿ. ತಪ್ಪನ್ನು ಒಪ್ಪಿಕೊಂಡ ತಾತನ ಮೇಲೆ ಅಂದು ನಮ್ಮ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಒಂದೇ ಕೊರಗು. ತಾತ ಇದ್ದಾಗ ಈ ವಿಷಯವನ್ನು ನಾನು ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ.