ತರಬೇತಿಯ ದಾಖಲೆ ಯಾರ ಕೈಯಲ್ಲಿ? ಕ್ಲೌಡ್ ಮತ್ತು ಸ್ವಂತ ಸರ್ವರ್ ನಡುವಿನ ಆಯ್ಕೆ

ಮಣಿಕೊಂಡ (ಹೈದರಾಬಾದ್): ಒಂದು ಕಾಲದಲ್ಲಿ ಹೈದರಾಬಾದಿನ ಕನ್ನಡಿಗರು ಎಂದರೆ ಕಾಚಿಗುಡ ಮತ್ತು ಅದರ ಆಸುಪಾಸಿನ ಹಳೆಯ ಬಡಾವಣೆಗಳೇ ಕಣ್ಣ ಮುಂದೆ ಬರುತ್ತಿದ್ದವು. ಗಚ್ಚಿಬೌಲಿ, ನಾನಕರಾಮಗುಡಗಳಲ್ಲಿ ಸಾಫ್ಟ್‌ವೇರ್ ಕಚೇರಿಗಳು ಎದ್ದ ಮೇಲೆ ಮಣಿಕೊಂಡದ ಅಪಾರ್ಟ್‌ಮೆಂಟ್‌ಗಳಲ್ಲೂ ಕನ್ನಡದ ಮಾತು ಕೇಳತೊಡಗಿತು. ಹೀಗೆ ಬಂದವರಲ್ಲಿ ಬಹುರಾಷ್ಟ್ರೀಯ ಕಂಪನಿಗಳ ನೌಕರರೂ ಇದ್ದಾರೆ, ಹತ್ತಾರು ಜನರಿಗೆ ಕೆಲಸ ಕೊಟ್ಟ ಸಣ್ಣ ಉದ್ಯಮಿಗಳೂ ಇದ್ದಾರೆ. ಈ ಇಬ್ಬರಿಗೂ ಸಮಾನವಾಗಿ ತಟ್ಟುವ, ಆದರೆ ಇಬ್ಬರೂ ಅಷ್ಟಾಗಿ ಗಮನಿಸದ ಒಂದು ವಿಷಯವಿದೆ. ನೌಕರರ ತರಬೇತಿಯ ವ್ಯವಸ್ಥೆ ಕಂಪನಿಯ ಸ್ವಂತ ಸರ್ವರ್‌ನಲ್ಲಿ ಇರಬೇಕೇ ಅಥವಾ ಕ್ಲೌಡ್‌ನಲ್ಲಿ ಇರಬೇಕೇ ಎಂಬುದೇ ಆ ವಿಷಯ.

ಕೆಲಸಕ್ಕೆ ಸೇರಿದ ಹೊಸಬರ ಪಾಠ, ಮಾಹಿತಿ ಸುರಕ್ಷತೆಯ ಪರೀಕ್ಷೆ, ಲೈಂಗಿಕ ಕಿರುಕುಳ ತಡೆಯ ತಿಳಿವಳಿಕೆ, ಹೊಸ ತಂತ್ರಜ್ಞಾನದ ಕೋರ್ಸು ಇವೆಲ್ಲವನ್ನೂ ನಡೆಸಿ, ಯಾರು ಮುಗಿಸಿದರು, ಎಷ್ಟು ಅಂಕ ಪಡೆದರು ಎಂದು ಬರೆದಿಡುವ ಸಾಫ್ಟ್‌ವೇರಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ, ಚಿಕ್ಕದಾಗಿ ಎಲ್‌ಎಂಎಸ್ ಎಂದು ಹೆಸರು. ಇದನ್ನು ಕೇವಲ ಪಾಠದ ಪರದೆ ಎಂದು ತಿಳಿದರೆ ತಪ್ಪಾದೀತು. ಇದು ನೌಕರನ ಕಲಿಕೆಯ ಜಮಾ ಪುಸ್ತಕವೂ ಹೌದು. ಬಡ್ತಿ, ಹೊಸ ಪ್ರಾಜೆಕ್ಟ್, ಕೆಲವೊಮ್ಮೆ ಉದ್ಯೋಗದ ಉಳಿವು ಕೂಡ ಈ ಪುಸ್ತಕದಲ್ಲಿ ಏನು ದಾಖಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಮಾಲೀಕನಿಗೂ ಇದು ಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ನೌಕರರಿಗೆ ತಿಳಿವಳಿಕೆ ಶಿಬಿರ ನಡೆಸುವುದು ಮಾಲೀಕನ ಹೊಣೆ. ಅದನ್ನು ನಡೆಸಿದ್ದಕ್ಕೆ ಪುರಾವೆಯಾಗಿ ನಿಲ್ಲುವುದು ಇದೇ ದಾಖಲೆ.

ಎರಡು ದಾರಿ, ಎರಡು ಬಗೆಯ ಖರ್ಚು

ಸ್ವಂತ ಸರ್ವರ್ ಎಂದರೆ ಸ್ವಂತ ಮನೆ ಕಟ್ಟಿದಂತೆ. ಯಂತ್ರ, ಪರವಾನಗಿ, ಯುಪಿಎಸ್, ಹವಾನಿಯಂತ್ರಣ, ಬ್ಯಾಕಪ್, ನೋಡಿಕೊಳ್ಳುವ ಒಬ್ಬ ಜಾಣ ಸಿಬ್ಬಂದಿ ಎಲ್ಲವೂ ಕಂಪನಿಯದೇ. ಆಸ್ಟ್ರೇಲಿಯಾದ ಮಾರ್ಟಿನ್ ಡುಗಿಯಾಮಸ್ 2002ರಲ್ಲಿ ಹೊರತಂದ ಮೂಡಲ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ ಎಂಬುದು ನಿಜ. ಆದರೆ ತಂತ್ರಾಂಶ ಉಚಿತವಾದರೂ ಅದನ್ನು ಕಾಯುವ ಕೆಲಸ ಉಚಿತವಲ್ಲ. ಸುರಕ್ಷತಾ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಹಾಕದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆಯೇ ಸರಿ.

ಕ್ಲೌಡ್ ಎಂದರೆ ಬಾಡಿಗೆ ಮನೆ. ಮೊದಲ ದಿನವೇ ಒಳಗೆ ಹೋಗಬಹುದು, ರಿಪೇರಿಯ ಚಿಂತೆ ಇಲ್ಲ. ಆದರೆ ಬಾಡಿಗೆ ತಲೆಯ ಲೆಕ್ಕದಲ್ಲಿ. ತಿಂಗಳಿಗೆ ತಲಾ 100 ರೂಪಾಯಿ ಎಂದಿಟ್ಟುಕೊಂಡರೆ 100 ಜನರ ಕಂಪನಿಗೆ ವರ್ಷಕ್ಕೆ 1,20,000 ರೂಪಾಯಿ. ಜನ 300 ಆದರೆ ಅದೇ ಮೊತ್ತ 3,60,000 ರೂಪಾಯಿಗೆ ಏರುತ್ತದೆ. ಡಾಲರ್ ಲೆಕ್ಕದ ಒಪ್ಪಂದವಾದರೆ ರೂಪಾಯಿ ಕುಸಿದಾಗಲೆಲ್ಲ ಬಾಡಿಗೆಯೂ ಹೆಚ್ಚುತ್ತದೆ. ಕೆಲಸ ಬಿಟ್ಟು ಹೋದವರ ಹೆಸರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ನಿಜವಾಗಿ ಬಳಸಿದವರನ್ನು ಮಾತ್ರ ಎಣಿಸುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳುವುದು ಒಳಿತು.

ಅಪಾಯ ಎರಡೂ ಕಡೆ ಇದೆ

2020ರ ಮಾರ್ಚ್‌ನಲ್ಲಿ ದೇಶಕ್ಕೆ ಲಾಕ್‌ಡೌನ್ ಬಿದ್ದಾಗ ಕಚೇರಿಯೊಳಗಿನ ಸರ್ವರ್‌ಗಳ ದೌರ್ಬಲ್ಯ ಎದ್ದು ಕಂಡಿತು. ಕಚೇರಿಯ ಜಾಲಕ್ಕಷ್ಟೇ ಸೀಮಿತವಾದ ವ್ಯವಸ್ಥೆಯನ್ನು ಮನೆಯಿಂದ ತಲುಪಲು ವಿಪಿಎನ್ ಬೇಕು. ಎಲ್ಲರೂ ಒಮ್ಮೆಲೇ ಹೊರಗಿನಿಂದ ಬಂದರೆ ಅದು ಬಳಲುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುರಿದ ಭಾರೀ ಮಳೆಗೆ ಹೈದರಾಬಾದಿನ ಎಷ್ಟೋ ಬಡಾವಣೆಗಳು ಜಲಾವೃತವಾದವು. ಸೆಲ್ಲಾರ್‌ನಲ್ಲಿಯೋ ನೆಲಮಹಡಿಯಲ್ಲಿಯೋ ಸರ್ವರ್ ಇಟ್ಟು, ಬ್ಯಾಕಪ್ಪನ್ನೂ ಅದೇ ಕಟ್ಟಡದಲ್ಲಿ ಇಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ಹಾಗೆಂದು ಕ್ಲೌಡ್ ಮುಳುಗದ ಹಡಗೇನಲ್ಲ. 2025ರ ಅಕ್ಟೋಬರ್ 20ರಂದು, ದೀಪಾವಳಿಯ ಸಮಯದಲ್ಲೇ, ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪನಿಯ ಕೇಂದ್ರದಲ್ಲಿ ದೋಷ ಉಂಟಾಗಿ ಜಗತ್ತಿನಾದ್ಯಂತ ಅನೇಕ ಸೇವೆಗಳು ಗಂಟೆಗಟ್ಟಲೆ ನಿಂತವು. ವಿಶ್ವವಿದ್ಯಾಲಯಗಳು ಬಳಸುವ ಕ್ಯಾನ್ವಾಸ್ ಎಂಬ ಕಲಿಕಾ ವ್ಯವಸ್ಥೆಯೂ ಅವುಗಳಲ್ಲಿ ಒಂದು. ಅಮೆಜಾನ್ 2022ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲೇ ತನ್ನ ಡೇಟಾ ಕೇಂದ್ರಗಳ ವಲಯವನ್ನು ತೆರೆದಿದೆ. ಆದರೆ ಕೇಂದ್ರ ಊರಿನಲ್ಲಿ ಇದೆ ಎಂದಮಾತ್ರಕ್ಕೆ ನಮ್ಮ ಕಂಪನಿಯ ಮಾಹಿತಿ ಅಲ್ಲಿಯೇ ಇದೆ ಎಂದಲ್ಲ. ಯಾವ ವಲಯದಲ್ಲಿ ಇಡುತ್ತಾರೆ ಎಂಬುದು ಒಪ್ಪಂದದಲ್ಲಿ ಬರೆಹದಲ್ಲಿ ಇರಬೇಕು.

ಇದಕ್ಕಿಂತ ಸದ್ದಿಲ್ಲದ ಅಪಾಯ ಇನ್ನೊಂದಿದೆ. ಸೇವೆ ಕೊಡುವ ಕಂಪನಿಯೇ ಕೈ ಬದಲಾಯಿಸಬಹುದು. ಹೈದರಾಬಾದಿನಲ್ಲಿ ಕಚೇರಿ ಹೊಂದಿದ್ದ ಸಮ್‌ಟೋಟಲ್ ಇದಕ್ಕೆ ಒಳ್ಳೆಯ ನಿದರ್ಶನ. 2004ರಲ್ಲಿ ಎರಡು ಕಂಪನಿಗಳ ವಿಲೀನದಿಂದ ಹುಟ್ಟಿದ ಈ ಎಲ್‌ಎಂಎಸ್ ಸಂಸ್ಥೆ 2009ರಲ್ಲಿ ಒಂದು ಹೂಡಿಕೆ ಸಂಸ್ಥೆಯ ಪಾಲಾಯಿತು, 2014ರಲ್ಲಿ ಸ್ಕಿಲ್‌ಸಾಫ್ಟ್ ಅದನ್ನು ಕೊಂಡಿತು, 2022ರಲ್ಲಿ ಕಾರ್ನರ್‌ಸ್ಟೋನ್ ವಶವಾಯಿತು. ಹದಿನೆಂಟು ವರ್ಷಗಳಲ್ಲಿ ಮೂರು ಬಾರಿ ಯಜಮಾನ ಬದಲಾದ. ಪ್ರತಿ ಬದಲಾವಣೆಯಲ್ಲೂ ದರ, ಸೇವೆ, ಮುಂದಿನ ಯೋಜನೆ ಏನಾದೀತು ಎಂಬ ಪ್ರಶ್ನೆ ಗ್ರಾಹಕರಿಗೆ ಏಳುವುದು ಸಹಜ.

ಪಾಠ ಸಾಗಿಸಬಹುದು, ದಾಖಲೆ?

ಒಂದು ವ್ಯವಸ್ಥೆಯಲ್ಲಿ ತಯಾರಾದ ಪಾಠ ಇನ್ನೊಂದರಲ್ಲೂ ನಡೆಯಲಿ ಎಂದು ಸ್ಕಾರ್ಮ್ ಎಂಬ ಮಾನದಂಡ ರೂಪುಗೊಂಡು ಎರಡು ದಶಕಗಳೇ ಕಳೆದಿವೆ. ಇದರಿಂದ ಪಾಠದ ಕಟ್ಟನ್ನು ಎತ್ತಿಕೊಂಡು ಹೋಗುವುದು ಸುಲಭವಾಗಿದೆ. ಆದರೆ ಹತ್ತು ವರ್ಷಗಳಲ್ಲಿ ಯಾವ ನೌಕರ ಏನು ಕಲಿತ ಎಂಬ ಚರಿತ್ರೆ ಆ ಕಟ್ಟಿನೊಳಗೆ ಇರುವುದಿಲ್ಲ. ಅದನ್ನು ಹಳೆಯ ವ್ಯವಸ್ಥೆಯಿಂದ ಬೇರೆಯಾಗಿ ತೆಗೆದು, ಹೊಸದರ ನಮೂನೆಗೆ ಹೊಂದಿಸಿ ತುಂಬಬೇಕು. ಅವಸರದಲ್ಲಿ ಕೈಬಿಟ್ಟುಹೋಗುವುದು ಹೆಚ್ಚಾಗಿ ಇದೇ.

ಸರ್ಕಾರಿ ನೌಕರರ ವಿಷಯದಲ್ಲಿ ಬೇರೊಂದು ಮಾದರಿ ಬಂದಿದೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿ ಯೋಜನೆಯ ಐಗಾಟ್ ವೇದಿಕೆ, ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ ಆರಂಭಿಸಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಶಾಲಾ ಶಿಕ್ಷಕರಿಗೆ ಪರಿಚಿತವಾದ ದೀಕ್ಷಾ ವೇದಿಕೆಯ ತಳಹದಿಯೂ ಅದೇ. ತಂತ್ರಾಂಶ ಮುಕ್ತವಾಗಿದ್ದರೆ ಅದನ್ನು ಕ್ಲೌಡ್‌ನಲ್ಲಿ ನಡೆಸಿಯೂ ಹಿಡಿತವನ್ನು ಕೈಯಲ್ಲಿ ಇಟ್ಟುಕೊಳ್ಳಬಹುದು. ಸರ್ವರ್ ಬಾಡಿಗೆಯದು, ತಂತ್ರಾಂಶ ಮತ್ತು ದಾಖಲೆ ಸ್ವಂತದ್ದು ಎಂಬ ಈ ನಡುದಾರಿಯನ್ನು ಸಣ್ಣ ಕಂಪನಿಗಳೂ ಮೂಡಲ್‌ನಂಥವುಗಳಿಂದ ಹಿಡಿಯಬಹುದಾಗಿದೆ.

ಕಾನೂನು ಹೇಳುವುದೇನು?

2023ರ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಇದರ ಪ್ರಕಾರ ಮಾಹಿತಿಯನ್ನು ಕ್ಲೌಡ್ ಕಂಪನಿಗೆ ಒಪ್ಪಿಸಿದರೂ ಹೊಣೆ ಮಾಲೀಕನದೇ. ತಕ್ಕ ರಕ್ಷಣೆ ಇಲ್ಲದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದ್ದರಿಂದ “ಅದನ್ನು ಅವರು ನೋಡಿಕೊಳ್ಳುತ್ತಾರೆ” ಎಂಬ ಮಾತು ಇನ್ನು ಮುಂದೆ ನಡೆಯದು.

ನೌಕರರು ಗಮನಿಸಬೇಕಾದ ಅಂಶವೂ ಇದೆ. ತನ್ನ ಬಗ್ಗೆ ಇರುವ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕನ್ನು ಕಾಯ್ದೆ ಮುಖ್ಯವಾಗಿ ಒಪ್ಪಿಗೆಯ ಮೇಲೆ ಕೊಟ್ಟ ಮಾಹಿತಿಗೆ ಜೋಡಿಸಿದೆ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಮಾಲೀಕನಿಗೆ ಅವಕಾಶವಿದೆ. ಹೀಗಾಗಿ ಕೆಲಸ ಬಿಟ್ಟ ಮೇಲೆ ತರಬೇತಿ ದಾಖಲೆಯನ್ನು ಕಾನೂನಿನ ಬಲದಿಂದ ಕೇಳಿ ಪಡೆಯಬಹುದು ಎಂಬ ಭರವಸೆಯಲ್ಲಿ ಕುಳಿತುಕೊಳ್ಳುವಂತಿಲ್ಲ. ರಾಜೀನಾಮೆಯ ದಿನ ಲಾಗಿನ್ ಮುಚ್ಚಿದರೆ ವರ್ಷಗಳ ಕಲಿಕೆಯ ಸಾಕ್ಷ್ಯವೂ ಅದರೊಂದಿಗೇ ಮುಚ್ಚಿಹೋಗುತ್ತದೆ. ಹಠಾತ್ತನೆ ಕೆಲಸ ಕಳೆದುಕೊಳ್ಳುವವರಿಗಂತೂ ಈ ಪೆಟ್ಟು ದೊಡ್ಡದು.

ಮಾಡಬೇಕಾದದ್ದು

ಇಪ್ಪತ್ತು ಮೂವತ್ತು ಜನರ ಕಂಪನಿಗೆ, ನೋಡಿಕೊಳ್ಳುವ ತಜ್ಞರಿಲ್ಲದಿದ್ದರೆ, ಕ್ಲೌಡ್ ದಾರಿಯೇ ಲೇಸು. ಸೂಕ್ಷ್ಮ ಮಾಹಿತಿಯ ಕೆಲಸ ಮಾಡುವ, ಸ್ವಂತ ತಾಂತ್ರಿಕ ತಂಡ ಇರುವ ಸಂಸ್ಥೆಗೆ ಸ್ವಂತ ಸರ್ವರ್ ಹೊಂದೀತು. ಯಾವುದನ್ನೇ ಆರಿಸಿದರೂ ದಾಖಲೆಗಳನ್ನು ಯಾವಾಗ ಬೇಕಾದರೂ ಪೂರ್ತಿಯಾಗಿ ಹೊರತೆಗೆಯುವ ಅವಕಾಶ, ಒಪ್ಪಂದ ಮುಗಿದ ಮೇಲೆ ಅದಕ್ಕೆ ನಿಗದಿತ ಕಾಲಾವಧಿ, ಬೇರೊಂದು ಸ್ಥಳದಲ್ಲಿ ಬ್ಯಾಕಪ್, ಈ ಮೂರು ಇರಲೇಬೇಕು. ವರ್ಷಕ್ಕೊಮ್ಮೆ ಆ ಬ್ಯಾಕಪ್ ತೆರೆದು ನೋಡುವ ಅಭ್ಯಾಸವೂ ಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ನೌಕರರು ಪ್ರತಿ ಕೋರ್ಸು ಮುಗಿದ ಕೂಡಲೇ, ಕಂಪನಿಯ ನಿಯಮ ಒಪ್ಪುವುದಾದರೆ, ಪ್ರಮಾಣಪತ್ರವನ್ನು ತಮ್ಮಲ್ಲಿ ಇಳಿಸಿಕೊಳ್ಳುವುದು ಉತ್ತಮ. ಕೆಲಸ ಬಿಡುವಾಗ ಅನುಭವ ಪತ್ರದ ಜೊತೆಗೆ ತರಬೇತಿಯ ಪಟ್ಟಿಯನ್ನೂ ಕೇಳಬೇಕು. ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿಗಳ ನಡುವೆ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಟ್ಟು, ಸದಸ್ಯರಲ್ಲೇ ಇರುವ ತಂತ್ರಜ್ಞರಿಂದ ಸಣ್ಣ ಉದ್ಯಮಿಗಳಿಗೆ ಸಲಹೆ ಕೊಡಿಸಿದರೆ, ಕೆಲಸ ಹುಡುಕುವ ಯುವಕ ಯುವತಿಯರಿಗೆ ದಾಖಲೆ ಜೋಡಿಸಿಕೊಳ್ಳುವ ಬಗೆ ತಿಳಿಸಿದರೆ ಹಲವರಿಗೆ ಉಪಕಾರವಾದೀತು. ಸರ್ವರ್ ಎಲ್ಲಿಯೇ ಇರಲಿ, ಕಲಿತವನ ಕೈಯಲ್ಲಿ ಕಲಿತದ್ದಕ್ಕೆ ಒಂದು ಪತ್ರ ಇರಬೇಕು.