ಮೆಕ್ವೀನ್‌ಗೂ ಸಿಗದ ಮಸ್ಟಾಂಗ್!

ನಿಜ ಹೇಳಿ. ಪರದೆಯ ಮೇಲೆ ಹೀರೊ ಗೇರು ಬದಲಿಸುವಾಗ ನಿಮ್ಮ ಎಡಗಾಲು ತಾನಾಗಿ ಮುಂದಿನ ಸೀಟಿನ ಕಂಬಿ ಒತ್ತುವುದಿಲ್ಲವೆ? ನನ್ನದಂತೂ ಒತ್ತುತ್ತೆ. ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಂಜಿನ್ ಮೇಲಿನ ಜಾಗ ಸಿಕ್ಕರೆ ಕಿಟಕಿ ಸೀಟನ್ನೇ ಬಿಟ್ಟು ಎದ್ದು ಬರುವ ಜಾತಿ ನಮ್ಮದು. ಲೈಸೆನ್ಸು ಇರಲಿ ಬಿಡಲಿ, ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಪಟ್ಟಿ. ಸಾಯೋದರೊಳಗೆ ಈ ಕಾರು ಒಂದು ಸಲ ಓಡಿಸಬೇಕು, ಆ ರಸ್ತೆಯಲ್ಲಿ ಒಂದು ಸಲ ಹೋಗಿ ಬರಬೇಕು ಅಂತ. ಈ ವಾರ ನನ್ನ ಪಟ್ಟಿ ಬಿಚ್ಚುತ್ತೇನೆ. ಒಪ್ಪದವರು ಕಾರ್ಡು ಬರೆಯಿರಿ. ಬೈಗುಳವಾದರೂ ಸರಿ, ಅಕ್ಷರ ದುಂಡಗಿರಲಿ.

ಮೊದಲ ಸಾಲು ಬರೆಯಲು ನನಗೆ ಯೋಚನೆಯೇ ಬೇಡ. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಫೋರ್ಡ್ ಮಸ್ಟಾಂಗ್ ಜಿಟಿ 390. ಓಡಿಸಬೇಕಾದ ಜಾಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ, ಏಣಿ ಹಾಕಿ ಹತ್ತಬೇಕು ಅನ್ನಿಸುವ ಅದರ ಬೀದಿಗಳು. ನೋಡದವರಿದ್ದರೆ ಮೊದಲು ನೋಡಿ ಬನ್ನಿ, ಈ ಪುಟ ಎಲ್ಲೂ ಓಡಿಹೋಗಲ್ಲ. ಹತ್ತು ಚಿಲ್ಲರೆ ನಿಮಿಷದ ಚೇಸು ಅದು. ಖಳರ ಕರಿ ಡಾಡ್ಜ್ ಚಾರ್ಜರ್ ಹೀರೊನ ಬೆನ್ನು ಹತ್ತಿರುತ್ತೆ. ಇದ್ದಕ್ಕಿದ್ದ ಹಾಗೆ ಮಸ್ಟಾಂಗ್ ಮಾಯ! ಖಳರು ಅತ್ತಿತ್ತ ಕಣ್ಣಾಡಿಸುತ್ತಾರೆ. ಆಮೇಲೆ ಅದೇ ಮಸ್ಟಾಂಗ್ ಅವರದೇ ಕಾರಿನ ಹಿಂಗನ್ನಡಿಯಲ್ಲಿ ಮೆಲ್ಲಗೆ ಮೂಡುತ್ತೆ. ಬೇಟೆಗಾರನೇ ಈಗ ಬೇಟೆ. ಚಾರ್ಜರಿನ ಡ್ರೈವರ್ ಬೈಯುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಶಾಂತವಾಗಿ ಸೀಟ್ ಬೆಲ್ಟು ಬಿಗಿದುಕೊಳ್ಳುತ್ತಾನೆ. ಟೈರು ಕಿರುಚುತ್ತೆ. ಲಾಲೊ ಶಿಫ್ರಿನ್ ಅವರ ಸಂಗೀತ ಅಲ್ಲಿಗೆ ಬಂದ್! ಅಲ್ಲಿಂದಾಚೆಗೆ ಇಂಜಿನ್ನಿನದೇ ಹಾಡು.

ಚೇಸು ಅಂದ ಕೂಡಲೆ ಡೋಲು ತಮಟೆ ತಂದು ಕಿವಿಗೆ ತುರುಕುವ ನಮ್ಮ ಸಂಗೀತ ನಿರ್ದೇಶಕರನ್ನು ಕೂರಿಸಿ ಈ ಹತ್ತು ನಿಮಿಷ ಕೇಳಿಸಬೇಕು. ನೋಡಿಸಬೇಕಾಗಿಲ್ಲ, ಕೇಳಿಸಿದರೆ ಸಾಕು.

ಮಸ್ಟಾಂಗನ್ನು ಕೆಲವು ಕಡೆ ಮೆಕ್ವೀನೇ ಓಡಿಸಿದ್ದಾನೆ, ಅಪಾಯದ ಜಿಗಿತಗಳಲ್ಲಿ ಸ್ಟಂಟ್‌ಮನ್ ಬಡ್ ಎಕಿನ್ಸ್. ವೇಗ ಗಂಟೆಗೆ 175 ಕಿಲೋಮೀಟರ್ ಮುಟ್ಟಿತ್ತು. ಒಂದು ಕಡೆ ಮಸ್ಟಾಂಗ್ ತಿರುವು ತಪ್ಪಿಸಿಕೊಂಡು ಮುಂದೆ ಜಾರಿ, ಟೈರಿನಿಂದ ಹೊಗೆ ಎಬ್ಬಿಸುತ್ತ ಹಿಂದಕ್ಕೆ ಬರುತ್ತಲ್ಲ, ಅದು ಬೇಕೆಂದು ಮಾಡಿದ್ದಲ್ಲ. ಚೆನ್ನಾಗಿದೆ ಅಂತ ಹಾಗೇ ಇಟ್ಟುಕೊಂಡರು. ಹುಳುಕು ಹುಡುಕುವವರಿಗೂ ಇಲ್ಲಿ ಹಬ್ಬ. ಒಂದೇ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ಲನ್ನು ಈ ಕಾರುಗಳು ಮತ್ತೆ ಮತ್ತೆ ಹಿಂದೆ ಹಾಕುತ್ತವೆ. ಇನ್ನು ಆ ಚಾರ್ಜರಿನಿಂದ ಕಳಚಿ ಹಾರುವ ಚಕ್ರದ ಬಟ್ಟಲುಗಳನ್ನು ಎಣಿಸಿ ನೋಡಿ. ಕಾರಿಗಿರುವುದು ನಾಲ್ಕೇ ಚಕ್ರ, ಬಟ್ಟಲು ನಾಲ್ಕಕ್ಕಿಂತ ಜಾಸ್ತಿ! ಇಷ್ಟಾದರೂ ಸಂಕಲನಕ್ಕೆ ಆಸ್ಕರ್ ಬಂತು. ಕೊಡಬೇಕಾದ್ದೇ.

ಈಗ ಆ ಕಾರಿನ ಕತೆ ಕೇಳಿ. ಚಿತ್ರ ಮುಗಿದ ಮೇಲೆ ಹೀರೊ ಮಸ್ಟಾಂಗ್ ಕೈಯಿಂದ ಕೈಗೆ ಹೋಗಿ, 1974ರಲ್ಲಿ ಒಂದು ಮಧ್ಯಮ ವರ್ಗದ ಸಂಸಾರ ಸೇರಿತು. ಕೊಟ್ಟದ್ದು ಸುಮಾರು 6000 ಡಾಲರ್. ಆ ಮನೆಯ ಯಜಮಾನಿ ಶಾಲೆಯ ಟೀಚರ್. ದಿನಾ ಬೆಳಿಗ್ಗೆ ಆಕೆ ಪಾಠಕ್ಕೆ ಹೋಗುತ್ತಿದ್ದದ್ದು ಇದೇ ಕಾರಿನಲ್ಲಿ! ಯೋಚಿಸಿ ಸ್ವಾಮಿ, ಲೋಕದ ಹುಡುಗರೆಲ್ಲ ನಿದ್ದೆಯಲ್ಲಿ ಓಡಿಸುವ ಕಾರು ಅದು, ಒಳಗೆ ಕಾಪಿ ಪುಸ್ತಕದ ಕಟ್ಟು. 1977ರಲ್ಲಿ ಮೆಕ್ವೀನ್ ಆ ಮನೆಗೆ ಕಾಗದ ಬರೆದ. ಬೆಲೆ ವಿಪರೀತ ಅಲ್ಲದಿದ್ದರೆ ಆ ಕಾರು ನನಗೆ ಬೇಕು ಅಂತ. ಅವರು ಕೊಡಲಿಲ್ಲ. 1980ರ ನವೆಂಬರಿನಲ್ಲಿ, 50ನೇ ವಯಸ್ಸಿಗೆ, ಮೆಕ್ವೀನ್ ತೀರಿಕೊಂಡ. ಕಾರು ಅದೇ ಮನೆಯಲ್ಲಿ ಕ್ಲಚ್ಚು ಕೆಟ್ಟು ಮೂಲೆ ಸೇರಿತ್ತು. 2020ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಹರಾಜಿಗೆ ಬಂದಾಗ ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರಿಗೆ. ಕಮಿಷನ್ ಬೇರೆ.

ಹಾಗಾಗಿ ನನ್ನ ಪಟ್ಟಿಯ ಮೊದಲ ಸಾಲಿಗೆ ಗುರುತು ಬೀಳುವುದಿಲ್ಲ, ಬಿಡಿ. ಮೆಕ್ವೀನ್‌ಗೇ ಬೀಳಲಿಲ್ಲ. ಅವನದು ಇನ್ನೊಂದೂ ಹಾಗೇ ಉಳಿಯಿತು. 1970ರ ಮಾರ್ಚಿನಲ್ಲಿ ಸೆಬ್ರಿಂಗ್‌ನ 12 ಗಂಟೆ ಓಟದಲ್ಲಿ, ಎಡಗಾಲಿಗೆ ಪ್ಲಾಸ್ಟರ್ ಕಟ್ಟಿಕೊಂಡೇ, ಪೀಟರ್ ರೆವ್ಸನ್ ಜೊತೆ ಎರಡನೇದಾಗಿ ಬಂದವನು ಅವನು. ಪ್ಲಾಸ್ಟರ್ ಕಾಲಲ್ಲಿ ಕ್ಲಚ್ಚು! ಅದೇ ವರ್ಷ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ಓಟದಲ್ಲಿ ಜಾಕಿ ಸ್ಟೂವರ್ಟ್ ಜೊತೆ ಪೋರ್ಷೆ 917 ಓಡಿಸುವ ಆಸೆ ಇತ್ತು. ಸ್ಟಾರಿಗೆ ಏನಾದರೂ ಆದರೆ ಚಿತ್ರದ ಗತಿ ಏನು? ವಿಮೆಯವರು ಒಪ್ಪಲಿಲ್ಲ. 1971ರ ‘ಲೆ ಮಾನ್ಸ್’ ಚಿತ್ರದಲ್ಲಿ ಅವನು ಓಡಿಸಿದ್ದು ಕ್ಯಾಮೆರಾಕ್ಕಾಗಿ. ನಮ್ಮ ಪಕ್ಕದ ತಮಿಳಿನ ಅಜಿತ್ ಅದೃಷ್ಟವಂತ ಅನ್ನಬೇಕು. 2025ರ ಜನವರಿಯಲ್ಲಿ ದುಬೈನ 24 ಗಂಟೆ ಓಟಕ್ಕೆ ಸ್ವಂತ ತಂಡ ಕಟ್ಟಿಕೊಂಡು ಹೋದರು, ಅಭ್ಯಾಸದಲ್ಲಿ ಕಾರು ಜಜ್ಜಿಕೊಂಡರು, ಆದರೂ ತಂಡ ತನ್ನ ವರ್ಗದಲ್ಲಿ ಮೂರನೇದಾಗಿ ಬಂತು.

ಎರಡನೇ ಸಾಲು ಜೇಮ್ಸ್ ಬಾಂಡನದು ಅಂತ ನೀವು ಊಹಿಸಿರಬಹುದು. 1964ರ ‘ಗೋಲ್ಡ್ ಫಿಂಗರ್’, ಬೆಳ್ಳಿ ಬಣ್ಣದ ಆಸ್ಟನ್ ಮಾರ್ಟಿನ್ ಡಿಬಿ5, ಸ್ವಿಟ್ಜರ್‌ಲ್ಯಾಂಡಿನ ಫುರ್ಕಾ ಕಣಿವೆ ದಾರಿ. ನಮ್ಮಲ್ಲೂ ಬಾಂಡನಿಗೆ ಕೊರತೆಯಿರಲಿಲ್ಲ. ‘ಬುಲಿಟ್’ ಬಂದ 1968ರಲ್ಲೇ ‘ಜೇಡರ ಬಲೆ’ಯಲ್ಲಿ ಅಣ್ಣಾವ್ರು ಸಿಐಡಿ 999 ಆಗಿದ್ದರು. ಆದರೆ ಡಿಬಿ5 ನನ್ನ ಪಟ್ಟಿಯಲ್ಲಿ ಕೆಳಗಿದೆ. ಕಾರಣ ಕೇಳಿ. ಆಸ್ಟನ್ ಮಾರ್ಟಿನ್ ಕಂಪನಿ 2020ರಲ್ಲಿ ‘ಗೋಲ್ಡ್ ಫಿಂಗರ್’ ಮಾದರಿಯ 25 ಕಾರು ಹೊಸದಾಗಿ ಮಾಡಿ ಮಾರಿತು. ತಿರುಗುವ ನಂಬರ್ ಪ್ಲೇಟು, ಹೊಗೆ ಪರದೆ, ಎಲ್ಲ ಉಂಟು. ಬೆಲೆ ತೆರಿಗೆ ಬಿಟ್ಟು 27 ಲಕ್ಷ 50 ಸಾವಿರ ಪೌಂಡು. ಆದರೆ ರಸ್ತೆಗೆ ತರುವ ಹಾಗಿಲ್ಲ! ರಸ್ತೆಗೆ ಬಾರದ ಕಾರು ತೇರಿನ ಮನೆಯಲ್ಲಿ ಬೀಗ ಹಾಕಿಟ್ಟ ತೇರಿದ್ದ ಹಾಗೆ. ಕೈ ಮುಗಿದು ಬರಬಹುದು ಅಷ್ಟೆ. ಬರೀ ರಸ್ತೆ ಬೇಕೆನ್ನುವವರು ಫುರ್ಕಾಕ್ಕೆ ಯಾವ ಕಾರಿನಲ್ಲಾದರೂ ಹೋಗಬಹುದು. ಎತ್ತರ 2429 ಮೀಟರ್, ಚಳಿಗಾಲದಲ್ಲಿ ಹಿಮ ಬಿದ್ದು ಬಂದ್.

ದುಡ್ಡು ಕೂಡಿಟ್ಟು ವಿಮಾನ ಹತ್ತುವವರಿದ್ದರೆ ನಾನು ಹೇಳುವುದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್. 1927ರ ಟ್ರ್ಯಾಕು, ಕಾಡಿನ ನಡುವೆ ಒಂದು ಸುತ್ತಿಗೆ 20 ಕಿಲೋಮೀಟರಿಗೂ ಜಾಸ್ತಿ. 1976ರ ಆಗಸ್ಟ್ 1ರಂದು ನಿಕಿ ಲಾಡಾ ಬೆಂಕಿಯಲ್ಲಿ ಬೆಂದದ್ದು ಅಲ್ಲೇ, 2013ರ ‘ರಷ್’ ಚಿತ್ರ ನೋಡಿದವರಿಗೆ ಗೊತ್ತು. ಸಾರ್ವಜನಿಕರಿಗೆ ಬಿಡುವ ದಿನ ಟಿಕೆಟ್ ಕೊಂಡರೆ ಮಾಮೂಲಿ ಕಾರಿನಲ್ಲೇ ಒಂದು ಸುತ್ತು ಹಾಕಬಹುದು. ರೇಸಿನ ಲೈಸೆನ್ಸ್ ಕೇಳಲ್ಲ.

ನನ್ನ ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ. ಅದು ನಿಮ್ಮಲ್ಲಿ ಅನೇಕರ ಪಟ್ಟಿಯಲ್ಲಿ ಮೊದಲನೇದು. ಹೊಸ ಹೆದ್ದಾರಿಯಲ್ಲಿ ಮುಳ್ಳು ಇಷ್ಟು ದಾಟಿಸಿದೆ ಅಂತ ಮೊಬೈಲಿನಲ್ಲಿ ಹಿಡಿದು ತೋರಿಸುವುದು. ಅದು ಯಾಕಿಲ್ಲ ಅಂತ ಹೇಳಲು ಮತ್ತೆ ‘ಬುಲಿಟ್’ಗೇ ಹೋಗಬೇಕು.

ಆ ಕರಿ ಚಾರ್ಜರಿನಲ್ಲಿ ಸೀಟ್ ಬೆಲ್ಟು ಬಿಗಿದವನು ಬಿಲ್ ಹಿಕ್‌ಮನ್. ಹಾಲಿವುಡ್ಡಿನ ಪಳಗಿದ ಸ್ಟಂಟ್ ಡ್ರೈವರ್. 13 ವರ್ಷ ಹಿಂದಕ್ಕೆ ಹೋಗಿ. 1955ರ ಸೆಪ್ಟೆಂಬರ್ 30. ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಇದೇ ಹಿಕ್‌ಮನ್ ಖಾಲಿ ಟ್ರೇಲರ್ ಕಟ್ಟಿದ ಸ್ಟೇಷನ್ ವ್ಯಾಗನ್ ಓಡಿಸಿಕೊಂಡು ಒಬ್ಬ ಗೆಳೆಯನ ಹಿಂದೆ ಹೋಗುತ್ತಿದ್ದ. ಮುಂದೆ ಹೊಸ ಪೋರ್ಷೆ 550 ಸ್ಪೈಡರ್‌ನಲ್ಲಿ ರೇಸಿಗೆ ಹೊರಟಿದ್ದ ಆ ಗೆಳೆಯ ಜೇಮ್ಸ್ ಡೀನ್. ವಯಸ್ಸು 24. ಬಿಡುಗಡೆಯಾಗಿದ್ದದ್ದು ನಾಯಕನಾಗಿ ಒಂದೇ ಚಿತ್ರ. ಆ ಮಧ್ಯಾಹ್ನವೇ ಪೊಲೀಸರು ಹಿಡಿದು ವೇಗಕ್ಕೆ ಚೀಟಿ ಹರಿದಿದ್ದರು. ಸಂಜೆ ಒಂದು ಕೂಡುರಸ್ತೆಯಲ್ಲಿ ಎದುರಿನ ಫೋರ್ಡ್ ಕಾರು ಎಡಕ್ಕೆ ತಿರುಗಿತು. ಅಷ್ಟೆ. ಹಿಂದಿನಿಂದ ಹಿಕ್‌ಮನ್ ಬಂದು ತಲುಪುವ ಹೊತ್ತಿಗೆ ಪೋರ್ಷೆ ತಗಡಿನ ಮುದ್ದೆ. ಅದಕ್ಕೆ ಎರಡೇ ವಾರ ಮುಂಚೆ ಡೀನ್ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಅಂತ ಹೇಳುವ ಒಂದು ತುಣುಕು ಚಿತ್ರದಲ್ಲಿ ಮಾತಾಡಿದ್ದ.

ಸೆಪ್ಟೆಂಬರ್ 30. ಕನ್ನಡದವರಿಗೆ ಈ ತಾರೀಕು ಬಿಡಿಸಿ ಹೇಳಬೇಕೆ? 1990ರ ಅದೇ ದಿನ, ದಾವಣಗೆರೆ ಹತ್ತಿರ ಆನಗೋಡಿನ ಬಳಿ, ನಮ್ಮ ಶಂಕರ್ ನಾಗ್. ವಯಸ್ಸು 35. ಕುಡಿದು ಅಮಲೇರಿದ ಶ್ರೀಮಂತರ ಹುಡುಗ ರಸ್ತೆ ಬದಿ ಮಲಗಿದ್ದವರ ಮೇಲೆ ಕಾರು ಹತ್ತಿಸುವ ‘ಆಕ್ಸಿಡೆಂಟ್’ ಚಿತ್ರವನ್ನು 1985ರಲ್ಲಿ ಮಾಡಿದ್ದ ಮನುಷ್ಯ. ‘ಆಟೋ ರಾಜ’ನ ಚಿತ್ರ ಇವತ್ತಿಗೂ ಆಟೋಗಳ ಬೆನ್ನ ಮೇಲಿದೆ. ಆಗ ನಾನು ಹುಟ್ಟಿರಲೂ ಇಲ್ಲ, ಆದರೂ ಆ ಊರಿನ ಬೋರ್ಡು ಕಂಡಾಗ ಬಸ್ಸಿನಲ್ಲಿ ಮಾತು ನಿಲ್ಲಿಸುತ್ತೇನೆ. ಮೆಕ್ವೀನ್ ಮುಳ್ಳು ದಾಟಿಸಿದ್ದು ಬೀದಿ ಬಂದ್ ಮಾಡಿಸಿ, ಎದುರು ಬರುವ ಪ್ರತಿ ಕಾರಿನಲ್ಲೂ ಗೊತ್ತಿದ್ದ ಡ್ರೈವರನ್ನು ಕೂರಿಸಿ. ನಮ್ಮ ಹೆದ್ದಾರಿಯಲ್ಲಿ ಎದುರು ಬರುವವನು ಚಿತ್ರಕತೆ ಓದಿರುವುದಿಲ್ಲ.

ಶಂಕರಣ್ಣನ ಹೆಸರು ಬಂದ ಮೇಲೆ ಆಗುಂಬೆಗೆ ಹೋಗದಿದ್ದರೆ ಹೇಗೆ? ‘ಮಾಲ್ಗುಡಿ ಡೇಸ್’ ತೆಗೆಯಲು ಅವರು ಆರಿಸಿಕೊಂಡ ಊರು ಅದು. ಕೆಳಗೆ ಸೋಮೇಶ್ವರದಿಂದ ಮೇಲಕ್ಕೆ 14 ಹಿಮ್ಮುರಿ ತಿರುವು. ನನ್ನ ಪಟ್ಟಿಯಲ್ಲಿ ಗುರುತು ಬಿದ್ದ ಸಾಲು ಇದೇ: ಕಾಲಮ್ ಗೇರಿನ ಅಂಬಾಸಿಡರ್‌ನಲ್ಲಿ ಆಗುಂಬೆ ಘಾಟಿ.

ನಗಬೇಡಿ. ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ ಇರುವ ಗಾಡಿ ನಿಮ್ಮಲ್ಲಿ ಎಷ್ಟು ಜನ ಓಡಿಸಿದ್ದೀರಿ? ಪಿಯುಸಿಗೆ ಶರಣು ಹೊಡೆದ ವರ್ಷ ಒಬ್ಬ ಹಿರಿಯ ಟ್ಯಾಕ್ಸಿ ಡ್ರೈವರ್ ನನಗೆ ಅದನ್ನು ಕಲಿಸಿದರು. ಕಡ್ಡಿಯನ್ನು ತನ್ನತ್ತ ಎಳೆದು ಎತ್ತಬೇಕು, ಬಿಟ್ಟು ಇಳಿಸಬೇಕು. ಕಣ್ಣಿಗೆ ಏನೂ ಕಾಣದು, ಅಂಗೈಗೇ ಗೊತ್ತಾಗಬೇಕು. ಹಳೆಯ ಗಾಡಿಯಲ್ಲಿ ಓಡುತ್ತಿರುವಾಗ ಒಂದನೇ ಗೇರಿಗೆ ಇಳಿಸಬೇಕಾದರೆ ಕ್ಲಚ್ಚು ಎರಡು ಸಲ ಒತ್ತಬೇಕು. ನಡುವೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರಿಗೆ ಒಂದು ತಟ್ಟು. ಅಂದಾಜು ತಪ್ಪಿದರೆ ಗೇರ್ ಬಾಕ್ಸ್ ಇಡೀ ಘಾಟಿಗೆ ಕೇಳುವ ಹಾಗೆ ಉಗಿಯುತ್ತೆ. ಪವರ್ ಸ್ಟೀರಿಂಗ್ ಇಲ್ಲ. ಎರಡೂ ಕೈ ಚಕ್ರಕ್ಕೆ ಬೇಕಾದ ಹೊತ್ತಲ್ಲೇ ಎಡಗೈ ಕಡ್ಡಿಗೂ ಬೇಕು. ಅದಕ್ಕೇ ಗೇರು ಇಳಿಸುವುದು ತಿರುವಿನ ಒಳಗಲ್ಲ, ತಿರುವಿಗೆ ಮುಂಚೆ. ಇಳಿಯುವಾಗ ಅವರದು ಒಂದೇ ಕಟ್ಟಳೆ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಬ್ರೇಕನ್ನೇ ನಂಬಿಕೊಂಡರೆ ಡ್ರಮ್ಮು ಕಾದು, ಹತ್ತನೇ ತಿರುವಿನಲ್ಲಿ ಪೆಡಲು ಒತ್ತಿದರೂ ಗಾಡಿ ನಿಲ್ಲಲ್ಲ. ವೇಗ ಇಪ್ಪತ್ತು ಮೂವತ್ತು ದಾಟಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. ಬುಲಿಟ್ ಮಹಾಶಯ ಇಷ್ಟು ಬೆವರಿದ್ದು ನಾನು ಕಂಡಿಲ್ಲ.

ಈ ಸಾಲಿಗೆ ಮಾತ್ರ ನಾನು ಅವಸರ ಮಾಡಿ ಅನ್ನುತ್ತೇನೆ. ಮಸ್ಟಾಂಗ್ ಎಲ್ಲೂ ಹೋಗಲ್ಲ, ಮ್ಯೂಸಿಯಮ್ಮಿನಲ್ಲೋ ಕೋಟ್ಯಧೀಶರ ಗ್ಯಾರೇಜಿನಲ್ಲೋ ಇದ್ದೇ ಇರುತ್ತೆ. ನಮ್ಮದು ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಶುರುವಾದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಿಂತುಹೋಯಿತು. ಬೇರೆ ಗಾಡಿಗಳ ಹಾಗೆ ಇದಕ್ಕೂ 15 ವರ್ಷ ತುಂಬಿದರೆ ರಿಜಿಸ್ಟ್ರೇಷನ್ ಹೊಸದು ಮಾಡಿಸಬೇಕು. ಕಟ್ಟಕಡೆಯ ಅಂಬಾಸಿಡರಿಗೂ 2029ರಲ್ಲಿ 15 ತುಂಬುತ್ತೆ. ಫಿಯಟ್ಟಿನ ಮಗಳು ಪ್ರೀಮಿಯರ್ ಪದ್ಮಿನಿ ಮುಂಬಯಿಯ ಟ್ಯಾಕ್ಸಿಯಾಗಿ ಮೆರೆದವಳು, 2006ರ ‘ಟ್ಯಾಕ್ಸಿ ನಂ. 9211’ರಲ್ಲಿ ನಾನಾ ಪಾಟೇಕರ್ ಗೊಣಗುತ್ತ ಓಡಿಸಿದ್ದೂ ಅದನ್ನೇ. ಟ್ಯಾಕ್ಸಿಗೆ 20 ವರ್ಷದ ಮಿತಿ. 2023ರ ಅಕ್ಟೋಬರಿನಲ್ಲಿ ಕೊನೆಯದೂ ಬೀದಿ ಬಿಟ್ಟಿತು. ಒಂದು ದಿನ ಮುಂಬಯಿಗೆ ಹೋಗಿ ಓಡಿಸೋಣ ಅಂದುಕೊಂಡವರ ಪಟ್ಟಿಯಲ್ಲಿ ಆ ಸಾಲು ಹಾಗೇ ಇದೆ.

ಆದ್ದರಿಂದ ನಿಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಹಳೇ ವಕೀಲರ ಶೆಡ್ಡಿನಲ್ಲಿ, ಮದುವೆ ಗಾಡಿ ಬಾಡಿಗೆ ಕೊಡುವವರ ಹತ್ತಿರ ವಿಚಾರಿಸಿ. ಯಜಮಾನರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಕಾಗದಪತ್ರ ಸರಿ ಇದೆಯೇ ನೋಡಿಕೊಳ್ಳಿ. ಆಗುಂಬೆಗೆ ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಸಂಜೆ ಸೂರ್ಯಾಸ್ತ ನೋಡುವವರ ಗಾಡಿ ಕಿಕ್ಕಿರಿದಿರುತ್ತೆ. ಮಳೆಗಾಲದಲ್ಲಿ ಮಣ್ಣು ಕುಸಿಯುತ್ತೆ, ಹೊರಡುವ ಮುಂಚೆ ಕೇಳಿಕೊಳ್ಳಿ. ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು ನಿಯಮ, ಆದರೆ ಎದುರಿನವನಿಗೆ ಅದು ಗೊತ್ತಿದೆ ಅಂತ ತಿಳಿಯಬೇಡಿ, ಪ್ರತಿ ತಿರುವಿಗೂ ಹಾರ್ನ್ ಮಾಡಿ. ಮೇಲೆ ತಲುಪಿದ ಮೇಲೆ ಬಾನೆಟ್ ಎತ್ತಿಟ್ಟು ಒಂದು ಕಾಫಿ ಕುಡಿದು ಬನ್ನಿ. ಖುಷಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಒಳಗೆ ನೀರು ಕುದಿಯುತ್ತಿರುತ್ತೆ.